ಬೆಸುಗೆ ಮೇಜಿನಲ್ಲಿ ಸುಟ್ಟಗಾಯ ಮತ್ತು ಶಾಕ್: ಮಲೆನಾಡಿನ ಹವ್ಯಾಸಿಗಳಿಗೆ ಹಂತಹಂತದ ಮಾರ್ಗದರ್ಶಿ

ಕೈ ಸುಟ್ಟುಕೊಂಡ ಮೇಲೆ ಈ ಲೇಖನವನ್ನು ತೆರೆದಿದ್ದರೆ ಮೊದಲು ನಲ್ಲಿಯ ಕೆಳಗೆ ಕೈ ಹಿಡಿಯಿರಿ. ಎಂಟನೆಯ ಹಂತವನ್ನು ಮನೆಯವರು ಯಾರಾದರೂ ಓದಿ ಹೇಳಲಿ. ಉಳಿದವರು ಮೊದಲಿನಿಂದ ಓದಬಹುದು.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಕೆಲವು ಪ್ರಶ್ನೆಗಳಿವೆ. ಸೋಲ್ಡರಿಂಗ್ ಐರನ್ ತಾಗಿದರೆ ಏನು ಹಚ್ಚಬೇಕು? ಹೋಲ್ಡರಿನಿಂದ ಬಿಚ್ಚಿ ತೆಗೆದ ಎಲ್‌ಇಡಿ ಬಲ್ಬು ಶಾಕ್ ಹೊಡೆದದ್ದು ಹೇಗೆ? ಇನ್ವರ್ಟರ್ ಬ್ಯಾಟರಿ ಬರೀ 12 ವೋಲ್ಟ್ ತಾನೆ, ಅದರಲ್ಲಿ ಸುಡುವಂಥದ್ದೇನಿದೆ? ಕರೆಂಟು ಹೋಗಿದ್ದಾಗ ಸ್ವಿಚ್ ಬೋರ್ಡ್ ಬಿಚ್ಚಿದರೂ ಹೊಡೆಯಿತಲ್ಲ, ಯಾಕೆ? ಬೇರೆ ಬೇರೆಯಾಗಿ ಕಾಣುವ ಈ ಪ್ರಶ್ನೆಗಳ ಬುಡ ಒಂದೇ. 350 ಡಿಗ್ರಿ ಕಾದ ಐರನ್ನಿಗೂ ತಣ್ಣಗಿರುವ ಐರನ್ನಿಗೂ ನೋಟದಲ್ಲಿ ವ್ಯತ್ಯಾಸವಿಲ್ಲ. ವಿದ್ಯುತ್ತಿರುವ ತಂತಿ, ಇಲ್ಲದ ತಂತಿ ಎರಡೂ ಒಂದೇ ಬಣ್ಣ. ವಿದ್ಯುತ್ತಿನಿಂದ ಒಳಗೆ ಬೆಂದ ಸ್ನಾಯುವಿನ ಮೇಲೆ ಚರ್ಮದಲ್ಲಿ ಕಾಣುವುದು ಒಂದು ಸಣ್ಣ ಕಪ್ಪು ಚುಕ್ಕೆ. ಹೀಗಾಗಿ ‘ಆಫ್ ಆಗಿದೆ’ ಎಂದು ನಾವು ನೋಡಿ ತಿಳಿಯುವುದಿಲ್ಲ, ನಂಬಿಬಿಡುತ್ತೇವೆ. ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಆ ನಂಬಿಕೆಯ ಜಾಗದಲ್ಲಿ ಒಂದು ಪರೀಕ್ಷೆಯನ್ನು ಇಡುವ ವಿಧಾನಗಳು.

ಏನೇನು ಬೇಕು

ಮೂರು ಪಿನ್ನಿನ ಪ್ಲಗ್ ಇರುವ 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಮಾನ್ಯ ಸರ್ಕ್ಯೂಟ್ ಕೆಲಸಕ್ಕೆ ಸಾಕು. ಎರಡು ಪಿನ್ನಿನ ಅಗ್ಗದ ಐರನ್ ಕೊಳ್ಳಬೇಡಿ. ಒಳಗಿನ ಕಾಯುವ ಸುರುಳಿಯ ನಿರೋಧಕ ಪದರ ಹಾಳಾಗಿ ತಂತಿ ಲೋಹದ ಕವಚಕ್ಕೆ ತಾಗಿದರೆ ಕವಚಕ್ಕೂ ಬಿಟ್ಟಿಗೂ (ಬೆಸುಗೆ ಕರಗಿಸುವ ಮೂತಿಗೆ ಬಿಟ್ ಎನ್ನುತ್ತಾರೆ) ವಿದ್ಯುತ್ ಬರುತ್ತದೆ. ಮೂರನೆಯ ಪಿನ್ನೂ ಮನೆಯಲ್ಲಿ ಸರಿಯಾದ ಅರ್ಥಿಂಗೂ ಇದ್ದರೆ ಮಾತ್ರ ಆ ವಿದ್ಯುತ್ ಭೂಮಿಗೆ ಹರಿದು ಫ್ಯೂಸ್ ಹೋಗುತ್ತದೆ ಅಥವಾ ಎಂಸಿಬಿ (ವಿದ್ಯುತ್ ಮಿತಿಮೀರಿ ಹರಿದಾಗ ತಾನಾಗಿ ಆಫ್ ಆಗುವ ಸ್ವಿಚ್) ಬೀಳುತ್ತದೆ. ಐರನ್ನಿನ ಜೊತೆಗೆ ಸುರುಳಿಯಾಕಾರದ, ತೂಕವಿರುವ ಸ್ಟ್ಯಾಂಡ್, ಡಿಜಿಟಲ್ ಮಲ್ಟಿಮೀಟರ್, ಕಣ್ಣಿನ ಪಕ್ಕವನ್ನೂ ಮುಚ್ಚುವ ಪಾರದರ್ಶಕ ಕನ್ನಡಕ, ಚಿಮುಟ, ಎರಡು ಕ್ರೊಕೊಡೈಲ್ ಕ್ಲಿಪ್, ಮೇಜಿನ ಮೇಲೆ ಹಾಸಲು ಒಂದು ನೆಲದ ಟೈಲ್ಸ್ ಚೂರು, ಸ್ವಿಚ್ ಮತ್ತು ಕೆಂಪು ದೀಪವಿರುವ ಎಕ್ಸ್‌ಟೆನ್ಶನ್ ಬೋರ್ಡ್ ಇರಲಿ. ತುಂಬಿಟ್ಟ ವಿದ್ಯುತ್ತನ್ನು ಖಾಲಿ ಮಾಡಲು 2.2 ಕಿಲೋಓಮ್, 10 ವ್ಯಾಟಿನ ಒಂದು ವೈರ್‌ವೂಂಡ್ ರೆಸಿಸ್ಟರ್ (ವಿದ್ಯುತ್ತಿಗೆ ತಡೆ ಒಡ್ಡುವ ಬಿಡಿಭಾಗ) ಬೇಕು. ಅದರ ಬಳಕೆ ಐದನೆಯ ಹಂತದಲ್ಲಿದೆ. ಬೆಂಕಿಗೆ ಒಂದು ಬಕೆಟ್ ಒಣ ಮರಳು ಹತ್ತಿರದಲ್ಲಿರಲಿ, ಸಾಧ್ಯವಾದರೆ ಡ್ರೈ ಪೌಡರ್ ಅಗ್ನಿಶಾಮಕವೂ.

1. ಜಾಗ ಆರಿಸಿಕೊಳ್ಳಿ

ಮಲೆನಾಡಿನ ಮನೆಗಳಲ್ಲಿ ಈ ಕೆಲಸಕ್ಕೆ ಸಾಮಾನ್ಯವಾಗಿ ಸಿಗುವುದು ಅಟ್ಟ, ಜಗುಲಿಯ ಮೂಲೆ ಅಥವಾ ಕೊಟ್ಟಿಗೆಗೆ ಹೊಂದಿಕೊಂಡ ಕೋಣೆ. ಅಟ್ಟದಲ್ಲಿ ಒಣ ಅಡಿಕೆ, ಗೋಣಿಚೀಲ, ಹಾಳೆ ತುಂಬಿರುತ್ತವೆ. ಕೊಟ್ಟಿಗೆಯ ಕಡೆ ಹುಲ್ಲು, ಕಳೆ ಕತ್ತರಿಸುವ ಯಂತ್ರಕ್ಕೆಂದು ತಂದಿಟ್ಟ ಪೆಟ್ರೋಲ್ ಕ್ಯಾನು. ಎರಡೂ ಬೇಡ. ಜಗುಲಿಯಲ್ಲಿ ಕುಳಿತರೆ ಹೊಗೆ ಹೊರಹೋಗುತ್ತದೆ ಎಂಬುದು ಅನುಕೂಲ, ಆದರೆ ಗಾಳಿಮಳೆಯ ಇರಚಲು ಎಕ್ಸ್‌ಟೆನ್ಶನ್ ಬೋರ್ಡಿನವರೆಗೂ ಬರುತ್ತದೆ. ಕಿಟಕಿ ಇರುವ ಒಳಕೋಣೆ, ಅದರಲ್ಲಿ ಗೋಡೆಗೆ ತಾಗಿದ ಅಲುಗಾಡದ ಮೇಜು, ಎಲ್ಲಕ್ಕಿಂತ ಒಳ್ಳೆಯದು.

ಆಷಾಢ, ಶ್ರಾವಣದಲ್ಲಿ ಗಾರೆ ನೆಲ ಬೆವರುವುದನ್ನು ನೀವೆಲ್ಲ ಕಂಡಿದ್ದೀರಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಿನಲ್ಲಂತೂ ನಾಲ್ಕು ತಿಂಗಳು ಒಣ ನೆಲವೇ ಇರುವುದಿಲ್ಲ. ಇದು ಬರೀ ಕಿರಿಕಿರಿಯ ಮಾತಲ್ಲ. ಒಣ ಚರ್ಮ ವಿದ್ಯುತ್ತಿಗೆ ಹತ್ತಾರು ಸಾವಿರ ಓಮ್‌ಗಳ ತಡೆ ಒಡ್ಡಿದರೆ ತೊಯ್ದ ಚರ್ಮದೊಂದಿಗೆ ಇಡೀ ದೇಹದ ತಡೆ ಸಾವಿರ ಓಮ್‌ನ ಆಸುಪಾಸಿಗೆ ಇಳಿಯಬಹುದು. 230 ವೋಲ್ಟನ್ನು ಸಾವಿರದಿಂದ ಭಾಗಿಸಿದರೆ 230 ಮಿಲಿಆಂಪಿಯರ್. ಸುಮಾರು 10 ಮಿಲಿಆಂಪಿಯರಿಗೇ ಸ್ನಾಯುಗಳು ಬಿಗಿದುಕೊಂಡು ಹಿಡಿದ ತಂತಿಯನ್ನು ಬಿಡಲಾಗದ ಸ್ಥಿತಿ ಬರುತ್ತದೆ ಮತ್ತು 30 ಮಿಲಿಆಂಪಿಯರ್ ದಾಟಿದ ವಿದ್ಯುತ್ ಎದೆಯ ಮೂಲಕ ಹರಿಯುತ್ತಲೇ ಇದ್ದರೆ ಉಸಿರಾಟಕ್ಕೂ ಹೃದಯದ ಲಯಕ್ಕೂ ಅಪಾಯ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಆದ್ದರಿಂದ ಕಾಲಿನ ಕೆಳಗೆ ಒಣ ಮರದ ಹಲಗೆ ಅಥವಾ ದಪ್ಪ ರಬ್ಬರ್ ಮ್ಯಾಟ್ ಹಾಸಿ, ಒಣಗಿದ ರಬ್ಬರ್ ಚಪ್ಪಲಿ ಹಾಕಿಕೊಂಡೇ ಕುಳಿತುಕೊಳ್ಳಿ. ತೋಟದಿಂದ ಬಂದವರು ಕೈಕಾಲು ಒರೆಸಿಕೊಂಡು, ಬಟ್ಟೆ ಬದಲಿಸಿಕೊಂಡು ಬನ್ನಿ.

2. ವಿದ್ಯುತ್ತಿನ ಮೂಲವನ್ನು ಸರಿಪಡಿಸಿಕೊಳ್ಳಿ

ಮನೆಯ ಮೀಟರ್ ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆಯೇ ನೋಡಿ. ಫೇಸ್ ತಂತಿಯಲ್ಲಿ ಹೋದ ವಿದ್ಯುತ್ ಅಷ್ಟೂ ನ್ಯೂಟ್ರಲ್ ತಂತಿಯಲ್ಲಿ ಮರಳುತ್ತಿದೆಯೇ ಎಂದು ಲೆಕ್ಕವಿಡುವ ಸ್ವಿಚ್ ಇದು. ನಡುವೆ ನಿಮ್ಮ ಮೈಯ ಮೂಲಕ ಭೂಮಿಗೆ ಸೋರಿದರೆ ಕೂಡಲೇ ಬೀಳುತ್ತದೆ. ಜನರ ರಕ್ಷಣೆಗೆ ಬೇಕಾದದ್ದು 30 ಮಿಲಿಆಂಪಿಯರಿನದು. ಎಂಸಿಬಿ ಇದ್ದರೆ ಸಾಕು ಎಂಬುದು ಬಹುಮಂದಿಯ ತಪ್ಪು ತಿಳಿವಳಿಕೆ: ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಆರ್‌ಸಿಸಿಬಿಗೂ ಮಿತಿಯಿದೆ. ಒಂದು ಕೈ ಫೇಸಿಗೆ, ಇನ್ನೊಂದು ನ್ಯೂಟ್ರಲಿಗೆ ತಾಗಿದರೆ ನೀವು ಅದರ ಲೆಕ್ಕದಲ್ಲಿ ಒಂದು ಬಲ್ಬಿನಂತೆ, ಆಗ ಅದು ಬೀಳುವುದಿಲ್ಲ. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ, ಬೀಳದಿದ್ದರೆ ಬದಲಿಸಬೇಕು.

ಅರ್ಥಿಂಗ್ ಬಗ್ಗೆ ಒಂದು ಮಾತು. ನಮ್ಮ ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ನೆನೆದಿದ್ದರೂ ಮಾರ್ಚ್, ಏಪ್ರಿಲ್ ಹೊತ್ತಿಗೆ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಅರ್ಥಿಂಗಿಗೆಂದು ನೆಲದಲ್ಲಿ ತೋಡಿದ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹಾಕಿ.

ಇನ್ನು ಈ ಭಾಗದ ದೊಡ್ಡ ಅಪಾಯಕ್ಕೆ ಬರುತ್ತೇನೆ. ಲೈನಿನ ಮೇಲೆ ಮರ ಬಿದ್ದು ಕೆಲಸದ ನಡುವೆ ಕರೆಂಟು ಹೋಗುತ್ತದೆ. ಐರನ್ ಸ್ಟ್ಯಾಂಡಿನಲ್ಲೋ ಮೇಜಿನ ಮೇಲೋ ಹಾಗೆಯೇ ಇರುತ್ತದೆ, ನೀವು ಎದ್ದು ಕಾಫಿಗೋ ಹಾಲು ಕರೆಯಲೋ ಹೋಗುತ್ತೀರಿ. ಕರೆಂಟು ಬರುವುದು ರಾತ್ರಿ ಎರಡು ಗಂಟೆಗೆ. ಆಗ ಸ್ವಿಚ್ ಆನ್ ಆಗಿಯೇ ಇರುವ ಐರನ್ ಮುಚ್ಚಿದ ಕೋಣೆಯಲ್ಲಿ ಬೆಳಗಿನವರೆಗೂ ಕಾಯುತ್ತದೆ, ಪಕ್ಕದಲ್ಲಿ ಕಾಗದವೋ ಬಟ್ಟೆಯೋ ಇದ್ದರೆ ಹೊತ್ತಿಕೊಳ್ಳುತ್ತದೆ. ಇದಕ್ಕೆ ಒಂದೇ ಪರಿಹಾರ: ಕರೆಂಟು ಹೋದ ಕ್ಷಣವೇ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಏಕೆಂದರೆ ಕತ್ತಲಲ್ಲಿ ಆನ್ ಯಾವುದು, ಆಫ್ ಯಾವುದು ಎಂಬುದೇ ಮರೆತುಹೋಗುತ್ತದೆ; ಕಿತ್ತ ಪ್ಲಗ್ಗನ್ನು ಮೇಜಿನ ಮೇಲೆ ಕಣ್ಣಿಗೆ ಬೀಳುವಂತಿಡಿ. ಬಿಟ್ ಮಾತ್ರ ಇನ್ನೂ ಹತ್ತು ಹದಿನೈದು ನಿಮಿಷ ಸುಡುವಷ್ಟು ಬಿಸಿಯಿರುತ್ತದೆ.

ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಹೊತ್ತಿನಲ್ಲಿ ಕೆಲಸವನ್ನೇ ಇಟ್ಟುಕೊಳ್ಳಬೇಡಿ. ದೂರದ ಗುಡುಗು ಕೇಳಿದೊಡನೆ ಪ್ಲಗ್ ಕಿತ್ತು ಮೇಜಿನಿಂದ ಏಳಿ.

3. ಉಡುಪು

ಹತ್ತಿ ಬಟ್ಟೆ ಹಾಕಿಕೊಳ್ಳಿ. ನೈಲಾನ್, ಪಾಲಿಯೆಸ್ಟರ್, ಮಳೆಗಾಲದ ಪ್ಲಾಸ್ಟಿಕ್ ಜರ್ಕಿನ್ ಇವು ಕರಗಿ ಚರ್ಮಕ್ಕೆ ಅಂಟುತ್ತವೆ. ಉಂಗುರ, ಬಳೆ, ಕೈಗಡಿಯಾರ, ಕೊರಳಿನ ಸರ ತೆಗೆದಿಡಿ; ಉದ್ದ ಕೂದಲು, ದುಪಟ್ಟಾ, ಶಾಲು ಕಟ್ಟಿಕೊಳ್ಳಿ. ಪಾದ ಮುಚ್ಚುವ ಚಪ್ಪಲಿಯಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಕರಗಿದ ಬೆಸುಗೆ ಹನಿ ಬೀಳುವುದು ತೊಡೆಯ ಮೇಲೆ, ಇಲ್ಲವೇ ಕಾಲಿನ ಮೇಲೆ.

4. ಬೆಸುಗೆ ಹಾಕುವಾಗ

ಅಂಗಡಿಗಳಲ್ಲಿ ‘ಲೆಡ್’ ಎಂದೇ ಕೇಳುವ ಬೆಸುಗೆ ತಂತಿ ಸಾಮಾನ್ಯವಾಗಿ 60 ಭಾಗ ತವರ, 40 ಭಾಗ ಸೀಸದ ಮಿಶ್ರಣ. ಅದು 183 ಡಿಗ್ರಿಗೆ ಮೆದುವಾಗತೊಡಗಿ 190ರ ಹೊತ್ತಿಗೆ ಪೂರ್ತಿ ಕರಗುತ್ತದೆ; ಸೀಸವಿಲ್ಲದ ಬೆಸುಗೆಗೆ 217ರಿಂದ 220 ಡಿಗ್ರಿ ಬೇಕು. ಬಿಟ್ ಇರುವುದು 350ರಿಂದ 400 ಡಿಗ್ರಿಯಲ್ಲಿ. 60 ಡಿಗ್ರಿಯ ನೀರೇ ಐದಾರು ಸೆಕೆಂಡಿನಲ್ಲಿ ಚರ್ಮವನ್ನು ಆಳಕ್ಕೆ ಸುಡಬಲ್ಲದು ಎಂದಮೇಲೆ ಬಿಟ್ಟಿನ ಮಟ್ಟಿಗೆ ‘ಸ್ವಲ್ಪವೇ ತಾಗಿತು’ ಎನ್ನುವ ಮಾತಿಗೆ ಅರ್ಥವಿಲ್ಲ. ಉಷ್ಣತೆ ನಿಯಂತ್ರಿಸುವ ಸ್ಟೇಷನ್ ಇದ್ದವರು ಸೀಸದ ಬೆಸುಗೆಗೆ 320ರಿಂದ 350ರ ನಡುವೆ ಇಟ್ಟುಕೊಳ್ಳಿ. ಬೇಗ ಆಗಲೆಂದು 450ಕ್ಕೆ ಏರಿಸಿದರೆ ಫ್ಲಕ್ಸ್ (ಲೋಹದ ಮೇಲಿನ ಕಿಲುಬನ್ನು ತೆಗೆಯುವ, ತಂತಿಯೊಳಗೇ ಇರುವ ರಾಳ) ಸಿಡಿಯುತ್ತದೆ, ಹೊಗೆ ಹೆಚ್ಚುತ್ತದೆ, ಬೆಸುಗೆ ಮಾತ್ರ ಚೆನ್ನಾಗಿ ಕೂರುವುದಿಲ್ಲ.

ಐರನ್ನನ್ನು ಪೆನ್ನಿನಂತೆ ಹಿಡಿಯಬೇಕು, ಆದರೆ ಹಿಡಿಕೆಯ ಭಾಗದಲ್ಲಿ. ಜಾಹೀರಾತಿನ ಕೆಲವು ಚಿತ್ರಗಳಲ್ಲಿ ಲೋಹದ ಕವಚವನ್ನೇ ಹಿಡಿದು ನಗುತ್ತಿರುವವರನ್ನು ಕಾಣಬಹುದು. ಆ ಐರನ್ನಿಗೆ ಕರೆಂಟು ಕೊಟ್ಟಿರುವುದಿಲ್ಲ. ಕಾದಿದೆಯೇ ಎಂದು ತಿಳಿಯಲು ಬಿಟ್ಟಿಗೆ ಲೆಡ್ ತಾಗಿಸಿ ನೋಡಿ. ಬೆರಳಿನಿಂದ ತಟ್ಟಿ ನೋಡುವ, ಎಂಜಲು ಹಚ್ಚಿ ನೋಡುವ ಅಭ್ಯಾಸ ಹಳೆಯ ಮೆಕ್ಯಾನಿಕ್ಕುಗಳಲ್ಲಿದೆ, ಅದನ್ನು ಅವರಿಗೇ ಬಿಡಿ.

ಸಾಮಾನ್ಯವಾಗಿ ಸುಡುವ ಸಂದರ್ಭಗಳು ಹೀಗಿವೆ. ಬೀಳುತ್ತಿರುವ ಐರನ್ನನ್ನು ಹಿಡಿಯಲು ಹೋಗುವುದು ಮೊದಲನೆಯದು. ಕೈ ತಾನಾಗಿಯೇ ಮುಂದಕ್ಕೆ ಹೋಗುವುದರಿಂದ ಉಪದೇಶದಿಂದ ಇದನ್ನು ತಡೆಯಲಾಗದು, ಬೀಳದಂತೆ ಮಾಡುವುದೇ ದಾರಿ. ಕೇಬಲ್ ಮೇಜಿನ ಅಂಚಿನಿಂದ ನೇತಾಡಿದರೆ ಮೊಣಕಾಲಿಗೋ ಮಗುವಿನ ಕೈಗೋ ಸಿಕ್ಕಿ ಎಳೆಯುತ್ತದೆ. ಅದನ್ನು ಮೇಜಿನ ಹಿಂಬದಿಯಿಂದ ತಂದು ಒಂದು ಕಡೆ ಕಟ್ಟಿಬಿಡಿ. ಆದರೂ ಬಿದ್ದರೆ ಎರಡೂ ಕೈಗಳನ್ನು ಮೇಲೆತ್ತಿ ಹಿಂದೆ ಸರಿಯಿರಿ, ನೆಲದ ಮೇಲೆ ಬಿದ್ದ ಮೇಲೆ ಹಿಡಿಕೆ ನೋಡಿ ಎತ್ತಿಕೊಳ್ಳಿ. ಎರಡನೆಯದು, ತಂತಿಯ ತುದಿಗೆ ಬೆಸುಗೆ ಹಾಕುವಾಗ ಅದನ್ನು ಬೆರಳಲ್ಲೇ ಹಿಡಿದಿರುವುದು. ತಾಮ್ರ ಶಾಖವನ್ನು ಬಲು ಬೇಗ ಸಾಗಿಸುತ್ತದೆ. ಕ್ರೊಕೊಡೈಲ್ ಕ್ಲಿಪ್ಪಿಗೆ ಸಿಕ್ಕಿಸಿ, ಇಲ್ಲವಾದರೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪಾದರೂ ಆಗುತ್ತದೆ. ಮೂರನೆಯದು, ಬಿಟ್ಟಿನಲ್ಲಿ ಹೆಚ್ಚಾದ ಬೆಸುಗೆಯನ್ನು ಕೊಡವುವುದು. ಕೊಡವಿದ ಹನಿ ಪಕ್ಕದಲ್ಲಿ ಕುಳಿತು ನೋಡುತ್ತಿರುವ ಹುಡುಗನ ಕಣ್ಣಿಗೆ ಹಾರುವುದಕ್ಕೆ ಏನೂ ತಡೆಯಿಲ್ಲ. ಒದ್ದೆ ಸ್ಪಂಜಿಗೆ ಒರೆಸಿ. ಸ್ಪಂಜು ಹಿಂಡಿದ್ದಾಗಿರಬೇಕು, ನೀರು ನಿಂತಿದ್ದರೆ ಆವಿಯೊಂದಿಗೆ ಬೆಸುಗೆ ಸಿಡಿಯುತ್ತದೆ.

ಸಿಡಿತದ ವಿಷಯದಲ್ಲಿ ಮಲೆನಾಡಿಗರು ಇನ್ನೊಂದನ್ನು ಗಮನಿಸಬೇಕು. ಮಳೆಯಲ್ಲಿ ನೆನೆದ ಪಂಪ್‌ಸೆಟ್ಟಿನ ಟೈಮರ್, ಐಬೆಕ್ಸ್ (ವಿದ್ಯುತ್) ಬೇಲಿಯ ಯಂತ್ರ, ಹೊರಗಿನ ದೀಪದ ಬೋರ್ಡುಗಳನ್ನು ಬಿಚ್ಚಿದಾಗ ಬೆಸುಗೆಯ ಸಂದಿಗಳಲ್ಲಿ ನೀರು ಉಳಿದಿರುತ್ತದೆ. ಅಲ್ಲಿ ಬಿಟ್ ಇಟ್ಟರೆ ಪಟ್ ಎಂದು ಹಾರುತ್ತದೆ. ಬ್ಯಾಟರಿ ಮತ್ತು ಪ್ಲಗ್ ಬಿಚ್ಚಿ, ಬಿಸಿಲಿಲ್ಲದಿದ್ದರೆ ಹಳೆಯ ಮಾದರಿಯ 60 ವ್ಯಾಟ್ ಬಲ್ಬಿನ ಕೆಳಗೆ ಅರ್ಧ ದಿನ ಒಣಗಿಸಿ, ಆಮೇಲೆ ಕೈ ಹಾಕಿ. ಬೆಸುಗೆ ಬಿಡಿಸುವಾಗಲೂ ಎಚ್ಚರ ಬೇಕು: ಬಿಗಿದು ನಿಂತ ಬಿಡಿಭಾಗದ ಕಾಲು (ಲೋಹದ ತಂತಿ) ಬಿಡುಗಡೆಯಾದೊಡನೆ ಚಿಮ್ಮಿ ಕರಗಿದ ಲೋಹವನ್ನು ಮುಖಕ್ಕೆ ಎರಚುತ್ತದೆ. ಕತ್ತರಿಸಿದ ಕಾಲಿನ ತುಂಡುಗಳೂ ಹಾರುತ್ತವೆ. ಅವನ್ನು ಬೆರಳಿನಿಂದ ಮುಚ್ಚಿ ಹಿಡಿದು ಕತ್ತರಿಸಿ. ಕನ್ನಡಕ ತೆಗೆಯಬೇಡಿ.

ಬಿಟ್ ತನ್ನದೇ ಕೇಬಲ್ಲಿಗೆ ತಾಗಿ ಪಿವಿಸಿ ಕರಗಿ ತಾಮ್ರ ಹೊರಬರುವುದು ಸುಟ್ಟಗಾಯವನ್ನು ಶಾಕ್ ಆಗಿ ಬದಲಿಸುವ ಅಪಘಾತ. ಪ್ರತಿ ಸಲ ಪ್ಲಗ್ ಹಾಕುವ ಮೊದಲು ಕೇಬಲ್ಲನ್ನು ಉದ್ದಕ್ಕೂ ನೋಡಿ, ಕರಗಿದ ಗುರುತಿದ್ದರೆ ಟೇಪ್ ಸುತ್ತದೆ ಕೇಬಲ್ಲನ್ನೇ ಬದಲಿಸಿ.

ಹೊಗೆಯ ಬಗ್ಗೆ ಅನೇಕರಿಗೆ ತಲೆಕೆಳಗಾದ ಭಯವಿದೆ. ಈ ಉಷ್ಣತೆಯಲ್ಲಿ ಸೀಸ ಗಮನಾರ್ಹವಾಗಿ ಆವಿಯಾಗುವುದಿಲ್ಲ. ಕಾಣುವ ಹೊಗೆ ಫ್ಲಕ್ಸಿನದು. ಆದರೆ ರಾಳದ ಆ ಹೊಗೆಯೇ ಆಸ್ತಮಾಕ್ಕೆ ಕಾರಣವಾಗಬಲ್ಲದು, ಆದ್ದರಿಂದ ಸಣ್ಣ ಫ್ಯಾನಿನಿಂದ ಅದನ್ನು ಕಿಟಕಿಯ ಕಡೆಗೆ ಎಳೆಯುವಂತೆ ಮಾಡಿ. ಸೀಸ ಒಳಗೆ ಹೋಗುವುದು ಕೈಯಿಂದ ಬಾಯಿಗೆ. ಲೆಡ್ ತಂತಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಬೇಡಿ, ಕೆಲಸದ ಮೇಜಿನಲ್ಲಿ ಎಲೆ ಅಡಿಕೆ ಹಾಕಬೇಡಿ, ಎದ್ದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

5. ಬಿಚ್ಚಿದ ಉಪಕರಣದೊಳಗೆ ಕೈ ಹಾಕುವ ಮೊದಲು

ಕಪಾಸಿಟರ್ ಎಂದರೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗ. 230 ವೋಲ್ಟಿನ ಎಸಿ ವಿದ್ಯುತ್ತನ್ನು ನೇರವಾಗಿ ಡಿಸಿಗೆ ತಿರುಗಿಸಿದಾಗ ಅದರಲ್ಲಿ ಸುಮಾರು 325 ವೋಲ್ಟ್ ತುಂಬಿಕೊಳ್ಳುತ್ತದೆ ಮತ್ತು ಪ್ಲಗ್ ಕಿತ್ತ ಮೇಲೂ ಉಳಿಯಬಹುದು. ಎಲ್‌ಇಡಿ ಬಲ್ಬಿನೊಳಗಿನ ಕೆಲವು ಮೈಕ್ರೊಫ್ಯಾರಡ್‌ನ ಸಣ್ಣ ಕಪಾಸಿಟರ್ ಕೊಡುವ ಪೆಟ್ಟು ತಾನಾಗಿ ಜೀವ ತೆಗೆಯುವಂಥದ್ದಲ್ಲ. ಆದರೆ ಆ ಪೆಟ್ಟಿಗೆ ಕೈ ಒದರಿಕೊಂಡು ಇನ್ನೊಂದು ಕೈಯಲ್ಲಿರುವ ಐರನ್ನಿಗೆ ಹೋಗಿ ಬಡಿಯುತ್ತದೆ. ಬಲ್ಬು ರಿಪೇರಿಯಲ್ಲಿ ಆಗುವ ಸುಟ್ಟಗಾಯಗಳಲ್ಲಿ ಇಂಥವು ಅಪರೂಪವಲ್ಲ. ಟಿವಿ, ಕಂಪ್ಯೂಟರ್, ದೊಡ್ಡ ಚಾರ್ಜರ್‌ಗಳ ವಿದ್ಯುತ್ ಪೂರೈಕೆಯಲ್ಲಿರುವ 220 ಮೈಕ್ರೊಫ್ಯಾರಡ್‌ನ ಕಪಾಸಿಟರ್ ಮಾತ್ರ ತಾನೇ ಅಪಾಯಕಾರಿ.

ಖಾಲಿ ಮಾಡುವ ಕ್ರಮ ಹೀಗಿದೆ. ಪ್ಲಗ್ ಕಿತ್ತು ಅದು ಕಣ್ಣೆದುರಿಗಿರುವಂತೆ ಇಡಿ. 2.2 ಕಿಲೋಓಮ್ ರೆಸಿಸ್ಟರಿನ ಎರಡೂ ಕಾಲಿಗೆ ತಂತಿ ಬೆಸೆದು, ಬೆಸುಗೆಯನ್ನು ಸ್ಲೀವಿನಿಂದ ಮುಚ್ಚಿ, ತುದಿಗೆ ಮಲ್ಟಿಮೀಟರಿನ ಹಳೆಯ ಪ್ರೋಬ್ ಕಟ್ಟಿಕೊಂಡಿದ್ದರೆ ಅದನ್ನು ಕಪಾಸಿಟರಿನ ಎರಡು ಕಾಲುಗಳಿಗೆ ಹತ್ತು ಸೆಕೆಂಡು ಹಿಡಿಯಿರಿ. 220 ಮೈಕ್ರೊಫ್ಯಾರಡ್ ಖಾಲಿಯಾಗಲು ಎರಡೂವರೆ ಸೆಕೆಂಡು ಸಾಕು, ಉಳಿದದ್ದು ಮನಸ್ಸಿನ ಸಮಾಧಾನಕ್ಕೆ. ನಂತರ ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಅಳೆಯಿರಿ. ಕೆಲವೇ ವೋಲ್ಟ್ ತೋರಿಸಿದ ಮೇಲೆ ಕೈ ಹಾಕಿ. ಸ್ಕ್ರೂ ಡ್ರೈವರಿನಿಂದ ಅಡ್ಡಲಾಗಿ ತಾಗಿಸಿ ‘ಚಟ್’ ಎನ್ನಿಸುವುದು ಬೇಡ. ಆ ಕಿಡಿಯಲ್ಲಿ ಕರಗಿದ ಲೋಹ ಹಾರುತ್ತದೆ.

ಎಲ್‌ಇಡಿ ಬಲ್ಬಿನಲ್ಲಿ ಇನ್ನೆರಡು ಅಪಾಯಗಳಿವೆ. ದೀಪದ ಚುಕ್ಕೆಗಳನ್ನು ಕೂರಿಸಿರುವ ಬಿಲ್ಲೆ ಅಲ್ಯೂಮಿನಿಯಮ್ಮಿನದು, ಶಾಖವನ್ನು ಹರಡಲೆಂದೇ ಮಾಡಿದ್ದು. ಒಂದು ಚುಕ್ಕೆ ಬಿಡಿಸಲು ಬಿಟ್ ಇಟ್ಟರೆ ಇಡೀ ಬಿಲ್ಲೆ ಕಾಯುತ್ತದೆ, ಅಂಚನ್ನು ಬೆರಳಲ್ಲಿ ಹಿಡಿದಿದ್ದರೆ ಬೊಬ್ಬೆ ಖಂಡಿತ. ಚಿಮುಟದಿಂದ ಅಥವಾ ಪ್ಲೇಯರಿನಿಂದ ಹಿಡಿಯಿರಿ. ಎರಡನೆಯದು, ಅಗ್ಗದ ಬಲ್ಬು, ಎಮರ್ಜೆನ್ಸಿ ಲ್ಯಾಂಪು, ಸೊಳ್ಳೆ ಬ್ಯಾಟುಗಳಲ್ಲಿ ಸಾಮಾನ್ಯವಾಗಿ ಮೈನ್ಸಿನಿಂದ (ಮನೆಯ 230 ವೋಲ್ಟಿನ ಲೈನಿನಿಂದ) ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಳಗಿನ ಎಲ್ಲ ಭಾಗಗಳೂ ನೇರವಾಗಿ ಮೈನ್ಸಿನೊಂದಿಗೆ ಸೇರಿರುತ್ತವೆ. ದೀಪಕ್ಕೆ ಹೋಗುವುದು ಕಡಿಮೆ ವೋಲ್ಟ್ ಎಂದು ಭಾವಿಸಿ, ಹೋಲ್ಡರಿಗೆ ಹಾಕಿದ ತೆರೆದ ಬಲ್ಬನ್ನು ಮುಟ್ಟಿದರೆ ಮುಟ್ಟಿದ್ದು 230 ವೋಲ್ಟನ್ನೇ. ಮುಚ್ಚಳ ಹಾಕಿದ ಮೇಲೆ ಮಾತ್ರ ಹಚ್ಚಿ ನೋಡಿ. ಸೊಳ್ಳೆ ಬ್ಯಾಟಿನ ಜಾಲರಿಯಲ್ಲಿ ಸಾವಿರಕ್ಕೂ ಮೀರಿದ ವೋಲ್ಟ್ ಗುಂಡಿ ಬಿಟ್ಟ ಮೇಲೂ ಉಳಿದಿರುತ್ತದೆ ಎಂಬುದನ್ನು ಮಕ್ಕಳಿಗೂ ಹೇಳಿ.

ರಿಪೇರಿಯವರು ಬಳಸುವ ಸೀರೀಸ್ ಬೋರ್ಡ್ ಒಳ್ಳೆಯ ಸಾಧನ. ಪರೀಕ್ಷಿಸುವ ಉಪಕರಣದೊಂದಿಗೆ ಸರಣಿಯಲ್ಲಿ 60 ಅಥವಾ 100 ವ್ಯಾಟಿನ ಹಳೆಯ ಮಾದರಿಯ ಬಲ್ಬು ಇರುವುದರಿಂದ ಶಾರ್ಟ್ ಇದ್ದರೆ ಬಲ್ಬು ಉರಿಯುತ್ತದೆ, ಉಪಕರಣ ಸಿಡಿಯುವುದಿಲ್ಲ. ಆದರೆ ಅದು ಶಾಕಿನಿಂದ ಕಾಪಾಡುವುದಿಲ್ಲ. ಆ ಬಲ್ಬಿನ ಮೂಲಕವೇ ನಿಮ್ಮನ್ನು ಕೊಲ್ಲುವಷ್ಟು ವಿದ್ಯುತ್ ಹರಿಯಬಲ್ಲದು.

ಮೈಕ್ರೋವೇವ್ ಒಲೆಯನ್ನು ಬಿಚ್ಚಬೇಡಿ. ಅದರ ಕಪಾಸಿಟರ್ ಎರಡು ಸಾವಿರ ವೋಲ್ಟಿನ ಮಟ್ಟದ್ದು, ಹವ್ಯಾಸಿಗೆ ಎರಡನೆಯ ಅವಕಾಶ ಕೊಡುವಂಥದ್ದಲ್ಲ. ಅಟ್ಟದ ಮೇಲಿರುವ ಹಳೆಯ ದಪ್ಪ ಟಿವಿಯ ಚಿತ್ರನಳಿಕೆಗೂ ಇದೇ ಮಾತು.

6. ಗೋಡೆಯ ಬೋರ್ಡು

ಮನೆಯ ವೈರಿಂಗನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು. ಆದರೂ ಸ್ವಿಚ್ಚು, ಹೋಲ್ಡರ್ ಬದಲಿಸುವವರು ಎಲ್ಲ ಮನೆಯಲ್ಲೂ ಇರುವುದರಿಂದ ಎರಡು ಮಾತು. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಸ್ವಿಚ್ ಇಳಿಸಿದರೆ ಇನ್ವರ್ಟರ್ ತಾನಾಗಿ ಆನ್ ಆಗಿ ಆ ತಂತಿಗಳಿಗೆ 230 ವೋಲ್ಟ್ ಕೊಡುತ್ತದೆ. ಅಂದರೆ ನೀವು ಆಫ್ ಮಾಡಿದ್ದರಿಂದಲೇ ಅದು ಎಚ್ಚರವಾಯಿತು. ಇನ್ವರ್ಟರಿನ ಗುಂಡಿಯನ್ನೂ ಆಫ್ ಮಾಡಿ, ಅದರ ಔಟ್‌ಪುಟ್ ಪ್ಲಗ್ ಅಥವಾ ಎಂಸಿಬಿಯನ್ನು ಬಿಡಿಸಿ.

ಅನಂತರ ಪರೀಕ್ಷೆ. ದೀಪದ ಟೆಸ್ಟರ್ ಉರಿಯದಿದ್ದರೆ ಕರೆಂಟಿಲ್ಲ ಎಂದು ತೀರ್ಮಾನಿಸಬೇಡಿ. ಒಣ ಮರದ ಏಣಿಯ ಮೇಲೆ ನಿಂತಿದ್ದರೆ ಅದು ಮಂದವಾಗಿ ಉರಿಯಬಹುದು, ಒಳಗೆ ಕೆಟ್ಟಿರಲೂಬಹುದು. ಮೀಟರನ್ನು ಎಸಿ 600 ಅಥವಾ 750 ವೋಲ್ಟಿಗೆ ಇಟ್ಟು ಮೊದಲು ಕರೆಂಟಿರುವ ಒಂದು ಸಾಕೆಟ್ಟಿನಲ್ಲಿ ನೋಡಿ, ಆಮೇಲೆ ಕೆಲಸ ಮಾಡುವ ಜಾಗದಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್ ಮೂರನ್ನೂ ನೋಡಿ, ಕೊನೆಗೆ ಮತ್ತೆ ಕರೆಂಟಿರುವ ಕಡೆ ನೋಡಿ ಮೀಟರ್ ಸರಿಯಿದೆಯೆಂದು ಖಚಿತಪಡಿಸಿಕೊಳ್ಳಿ. ಮೀಟರಿನ ಕೆಂಪು ತಂತಿ 10 ಆಂಪಿಯರಿನ ತೂತಿನಲ್ಲಿ ಉಳಿದಿದ್ದರೆ ಸಾಕೆಟ್ಟಿಗೆ ಹಾಕಿದ ಕೂಡಲೇ ನೇರ ಶಾರ್ಟ್ ಆಗುತ್ತದೆ, ಮುಖಕ್ಕೆ ಕಿಡಿ ಸಿಡಿಯುತ್ತದೆ. ಬಣ್ಣವನ್ನೂ ನಂಬಬೇಡಿ: ಉಪಕರಣದ ಕೇಬಲ್ಲಿನಲ್ಲಿ ನೀಲಿ ನ್ಯೂಟ್ರಲ್, ಆದರೆ ಮೂರು ಫೇಸಿನ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸೇ.

ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲವೆಂದು ಬಾಡಿಗೆಗೆ ತಂದ ಜನರೇಟರನ್ನು ಎರಡೂ ಕಡೆ ಪ್ಲಗ್ ಇರುವ ತಂತಿಯಿಂದ ಸಾಕೆಟ್ಟಿಗೆ ಸಿಕ್ಕಿಸುವವರಿದ್ದಾರೆ. ಆ ವಿದ್ಯುತ್ ಮೀಟರ್ ದಾಟಿ ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಾಗಿ ಏರಿ, ಲೈನು ಸತ್ತಿದೆಯೆಂದು ಕಂಬ ಹತ್ತಿರುವ ಮೆಸ್ಕಾಂ ಲೈನ್‌ಮ್ಯಾನನ್ನು ಕೊಲ್ಲಬಹುದು. ಚೇಂಜ್‌ಓವರ್ ಸ್ವಿಚ್ (ಲೈನು, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಸ್ವಿಚ್) ಇಲ್ಲದೆ ಜನರೇಟರ್ ಜೋಡಿಸಲೇಬಾರದು.

7. ಬ್ಯಾಟರಿಗಳು

12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಎಂಬುದು ನಿಜ. ಆದರೆ 150 ಆಂಪಿಯರ್‌ಅವರ್‌ನ ಇನ್ವರ್ಟರ್ ಬ್ಯಾಟರಿಯ ಎರಡು ತುದಿಗಳಿಗೆ ಸ್ಪ್ಯಾನರ್ ಅಡ್ಡ ಬಿದ್ದರೆ ನೂರಾರು ಆಂಪಿಯರ್ ಹರಿದು ಅದು ಕೆಂಪಗಾಗುತ್ತದೆ. ಅಡ್ಡ ಸಿಕ್ಕಿದ್ದು ಉಂಗುರವಾದರೆ ಬೆರಳಿನ ಸುತ್ತ ಮೂಳೆಯವರೆಗೂ ಸುಡುತ್ತದೆ. ಸ್ಪ್ಯಾನರಿನ ಹಿಡಿಕೆಗೆ ಟೇಪ್ ಸುತ್ತಿ, ಬಿಚ್ಚುವಾಗ ಮೊದಲು ಕಪ್ಪು ತಂತಿ, ಹಾಕುವಾಗ ಕೊನೆಗೆ ಕಪ್ಪು ತಂತಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಹತ್ತಿರದಲ್ಲಿ ಐರನ್, ಬೀಡಿ, ಕಿಡಿ ಯಾವುದೂ ಬೇಡ. ಆಮ್ಲ ಕಣ್ಣಿಗೆ ಹಾರಿದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 20 ನಿಮಿಷ ನೀರು ಸುರಿದು ಆಸ್ಪತ್ರೆಗೆ ಹೋಗಿ.

ಲಿಥಿಯಂ ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಬಹುದೇ ಎಂಬ ಪ್ರಶ್ನೆಗೆ ಉತ್ತರ: ಬೇಡ. ಶಾಖಕ್ಕೆ ಒಳಗಿನ ತೆಳು ಪದರ ಕರಗಿ ಧನ, ಋಣ ಎರಡೂ ಒಳಗೇ ಸೇರಿದರೆ ಸೆಲ್ ತಾನಾಗಿ ಕಾದು ಬೆಂಕಿಯುಗುಳುತ್ತದೆ. ನಿಕ್ಕಲ್ ಪಟ್ಟಿ ಮೊದಲೇ ಅಂಟಿಸಿರುವ ಸೆಲ್ ಕೊಂಡು ಪಟ್ಟಿಯ ತುದಿಗೆ ಬೆಸುಗೆ ಹಾಕಿ. ಉಬ್ಬಿದ ಸೆಲ್ಲನ್ನು ಮನೆಯೊಳಗೆ ಇಟ್ಟುಕೊಳ್ಳಬೇಡಿ.

8. ಸುಟ್ಟುಕೊಂಡಾಗ

ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ. ಗಡಿಯಾರ ನೋಡಿಕೊಂಡು ಪೂರ್ತಿ 20 ನಿಮಿಷ ಹಿಡಿಯಿರಿ, ಏಕೆಂದರೆ ಬಹುಮಂದಿ ಉರಿ ಕಡಿಮೆಯಾಯಿತೆಂದು ಒಂದೆರಡು ನಿಮಿಷಕ್ಕೇ ಕೈ ತೆಗೆಯುತ್ತಾರೆ, ಒಳಗಿನ ಪದರ ಮಾತ್ರ ಇನ್ನೂ ಬಿಸಿಯಾಗಿಯೇ ಇರುತ್ತದೆ. ತಡವಾಗಿದ್ದರೂ ಸುಟ್ಟ ಮೂರು ಗಂಟೆಯೊಳಗೆ ಹೀಗೆ ಮಾಡಿದರೆ ಪ್ರಯೋಜನವಿದೆ. ದಂಬೆಯಿಂದ ಬೀಳುವ ಗುಡ್ಡದ ನೀರು ತಂಪಾಗಿರುತ್ತದೆ, ಆದರೆ ಚರ್ಮ ಕಿತ್ತಿದ್ದರೆ ಕುಡಿಯುವ ನೀರನ್ನೇ ಬಳಸಿ. ಐಸ್ ಬೇಡ, ಅದು ರಕ್ತನಾಳಗಳನ್ನು ಸಂಕುಚಿತಗೊಳಿಸಿ ಗಾಯವನ್ನು ಇನ್ನಷ್ಟು ಆಳ ಮಾಡುತ್ತದೆ. ಊತ ಬರುವ ಮೊದಲೇ ಉಂಗುರ, ಬಳೆ, ಕೈಗಡಿಯಾರ ತೆಗೆಯಿರಿ.

ಟೂತ್‌ಪೇಸ್ಟು, ಶಾಯಿ, ಅರಿಸಿನ, ಬೆಣ್ಣೆ, ಕಾಫಿಪುಡಿ, ದೋಸೆ ಹಿಟ್ಟು: ಯಾವುದನ್ನೂ ಹಚ್ಚಬೇಡಿ. ಇವು ಶಾಖವನ್ನು ಒಳಗೇ ಹಿಡಿದಿಡುತ್ತವೆ, ಸೋಂಕು ತರುತ್ತವೆ, ಜೊತೆಗೆ ಗಾಯ ಎಷ್ಟು ಆಳವಿದೆಯೆಂದು ನೋಡಲು ವೈದ್ಯರು ಅವನ್ನೆಲ್ಲ ಉಜ್ಜಿ ತೆಗೆಯಬೇಕಾಗುತ್ತದೆ. ಅಜ್ಜಿ ಎಷ್ಟೇ ಒತ್ತಾಯಿಸಿದರೂ ಇಲ್ಲೊಂದು ಕಡೆ ಬೇಡವೆನ್ನಿ. ಬೆಸುಗೆ ಹನಿಯೋ ಬಿಸಿ ಅಂಟೋ ಚರ್ಮಕ್ಕೆ ಅಂಟಿದ್ದರೆ ಕೀಳದೆ ನೀರಿನಲ್ಲಿ ತಣಿಸಿ. ಸುಲಭವಾಗಿ ಬರದಿದ್ದರೆ ವೈದ್ಯರು ತೆಗೆಯಲಿ. ಬೊಬ್ಬೆ ಒಡೆಯಬೇಡಿ. ತಣಿದ ಮೇಲೆ ಶುಭ್ರವಾದ, ಅಂಟದ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ಕಾಲವಾಯಿತೆಂದು ವೈದ್ಯರಿಗೆ ತಿಳಿಸಿ.

ಗಾಯಾಳುವಿನದೇ ಅಂಗೈಗಿಂತ ದೊಡ್ಡ ಗಾಯ, ಮುಖ ಅಥವಾ ಕೀಲಿನ ಮೇಲಿನ ಗಾಯ, ಮಕ್ಕಳ ಗಾಯ, ಬಿಳಿಚಿಕೊಂಡ ಅಥವಾ ಕಪ್ಪಗಾದ ಗಾಯ, ಇವೆಲ್ಲ ಆಸ್ಪತ್ರೆಗೆ ಹೋಗಬೇಕಾದವು. ಕೊನೆಯದಕ್ಕೆ ನೋವೇ ಇರುವುದಿಲ್ಲ. ನರಗಳೂ ಸುಟ್ಟಿರುವುದೇ ಅದಕ್ಕೆ ಕಾರಣ.

9. ಶಾಕ್ ಹೊಡೆದಾಗ

ವಿದ್ಯುತ್ತಿರುವ ತಂತಿಯನ್ನು ಹಿಡಿದುಕೊಂಡವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್, ಜೊತೆಗೆ ಇನ್ವರ್ಟರ್. ಅದು ದೂರವಿದ್ದರೆ ಒಣ ಮರದ ಕೋಲಿನಿಂದ ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ತಂತಿಯನ್ನು ದೂರ ತಳ್ಳಿ. ಮಳೆಯಲ್ಲಿ ನೆನೆದ ಬಿದಿರು ಕೋಲಲ್ಲ, ತಂತಿ. ಇದು ಮನೆಯ 230 ವೋಲ್ಟಿಗೆ ಮಾತ್ರ ಅನ್ವಯಿಸುತ್ತದೆ. ತೋಟದಲ್ಲಿ ಕಡಿದು ಬಿದ್ದ ಲೈನಿನ ಹತ್ತಿರವೂ ಸುಳಿಯದೆ 1912ಕ್ಕೆ (ವಿದ್ಯುತ್ ಕಂಪನಿಯ ಸಹಾಯವಾಣಿ) ಕರೆ ಮಾಡಿ. ಪ್ರಜ್ಞೆಯೂ ಉಸಿರಾಟವೂ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತುತ್ತಲೇ ಇರಿ. ಒಬ್ಬರಿಗೆ ದಣಿವಾದರೆ ಇನ್ನೊಬ್ಬರು ಮುಂದುವರಿಸಲಿ.

ನೆಟ್‌ವರ್ಕ್ ಸಿಗದ ಹಳ್ಳಿಗಳಲ್ಲಿ ಆಂಬುಲೆನ್ಸಿಗೆ ಕಾಯುವುದಕ್ಕಿಂತ ಊರಿನ ಜೀಪು, ಆಟೊ ಬೇಗ ಸಿಗಬಹುದು. ಅವರ ಸಂಖ್ಯೆಯನ್ನು ಮೀಟರ್ ಬೋರ್ಡಿನ ಪಕ್ಕದಲ್ಲೇ ಬರೆದಿಡಿ. ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಕಳುಹಿಸಿದರೆ ಶಿವಮೊಗ್ಗದ ಮೆಗ್ಗಾನ್. ಆಗುಂಬೆಯ ಕಡೆಯವರಿಗೆ ಘಾಟಿ ಇಳಿದರೆ ಮಣಿಪಾಲ ಹತ್ತಿರ.

ಶಾಕ್ ಹೊಡೆದು ಸುಟ್ಟಿದ್ದರೆ, ಚುಕ್ಕೆ ಎಷ್ಟೇ ಸಣ್ಣದಿರಲಿ, ಎದ್ದು ಓಡಾಡುತ್ತಿದ್ದರೂ ಇಸಿಜಿ ಮಾಡಿಸಲೇಬೇಕು. ವಿದ್ಯುತ್ ಒಳಹೊಕ್ಕ ಜಾಗ ಬೆರಳಿನಲ್ಲಿದ್ದರೆ ಹೊರಬಿದ್ದ ಜಾಗ ಪಾದದಲ್ಲಿರಬಹುದು, ನಡುವಿನ ಸ್ನಾಯು ಬೆಂದಿರಬಹುದು. ಎಷ್ಟು ವೋಲ್ಟ್, ಎಸಿಯೋ ಡಿಸಿಯೋ, ಎಷ್ಟು ಹೊತ್ತು ಹಿಡಿದಿತ್ತು, ಎಲ್ಲಿ ತಾಗಿತ್ತು, ಪ್ರಜ್ಞೆ ತಪ್ಪಿತ್ತೇ, ಬಿದ್ದು ತಲೆಗೆ ಪೆಟ್ಟಾಗಿತ್ತೇ ಎಂಬುದನ್ನು ವೈದ್ಯರಿಗೆ ಹೇಳಿ. ಮುಂದಿನ ಒಂದೆರಡು ದಿನಗಳಲ್ಲಿ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ ಬೆಂದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಬರುತ್ತಿದೆಯೆಂದು ಅರ್ಥ. ರಾತ್ರಿಯಾಗಿದ್ದರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.